ತುತ್ತಿನ ಚೌಕಾಸಿ

ಎತ್ತು ಕೊಳ್ಳುವವನು ಮೊದಲು ಕೊಂಬು ನೋಡಬಾರದು. ಕೊಂಬಿಗೆ ಬಣ್ಣ ಹಚ್ಚಿರುತ್ತಾರೆ. ಬಾಯಿ ತೆಗೆಸಿ ಹಲ್ಲು, ನಾಲಿಗೆ ನೋಡಬೇಕು. ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಕೆಂಪು ನೋಡಬೇಕು. ಗೊರಸು ತಟ್ಟಬೇಕು. ಆಳಂದದ ದನದ ಸಂತೆಯಲ್ಲಿ ಮೂವತ್ತು ವರ್ಷ ದಲಾಲಿ ಮಾಡಿ ಕಲಿತ ಮಾತು ಇದು. ಪುಕ್ಕಟೆ ಹೇಳುತ್ತಿದ್ದೇನೆ, ಇಟ್ಟುಕೊಳ್ಳಿ.

ಹಿರೋಳ್ಳಿಯ ನಮ್ಮ ಮನೆಗೆ ಬಂದ ಒಬ್ಬ ಹೆಣ್ಣುಮಗಳು ಪಡಸಾಲೆಯಲ್ಲಿ ನನ್ನ ತಮ್ಮನ ಎದುರಿಗೆ ಕುಳಿತು, ಅವನ ಬಾಯಿ ತೆಗೆಸಿ ನಾಲಿಗೆ ನೋಡಿದರು, ಕೆಳರೆಪ್ಪೆ ಎಳೆದು ನೋಡಿದರು, ಉಗುರು ಒತ್ತಿ ಬಿಟ್ಟು ರಕ್ತ ಎಷ್ಟು ಬೇಗ ತಿರುಗಿ ಬರುತ್ತದೆ ಎಂದು ನೋಡಿದರು. ಆಗಲೇ ನನಗೆ ಆಕೆಯ ಮೇಲೆ ಗೌರವ ಹುಟ್ಟಿತು. ಈಕೆ ಕಸುಬು ಬಲ್ಲವರು ಅಂದುಕೊಂಡೆ. ನನಗಿಂತ ಗಟ್ಟಿ ಚೌಕಾಸಿಯವರು ಎಂದು ಮಾತ್ರ ಅವತ್ತು ಗೊತ್ತಾಗಲಿಲ್ಲ.

ಹೆಸರು ಬರೆಯುವುದಿಲ್ಲ. ಬರೆದರೆ ಬೈಯುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನಲ್ಲಿ ಅವರಿಗೆ ‘ಊಟದ ಮೇಡಂ’ ಎಂದೇ ಹೆಸರು. ಕಳೆದ ತಿಂಗಳು ನಿವೃತ್ತರಾದರು. ಕುಳ್ಳಗೆ, ದುಂಡಗೆ ಇದ್ದರು. ಕೈಗೆ ಗಂಡಸರು ಕಟ್ಟುವ ದೊಡ್ಡ ಗಡಿಯಾರ. ಹೆಗಲ ಚೀಲದಲ್ಲಿ ಒಂದು ಸ್ಟೀಲ್ ಬಟ್ಟಲು, ಒಂದು ಸೌಟು, ಒಂದು ಸಣ್ಣ ತಕ್ಕಡಿ. ತಮ್ಮ ಹಾಸ್ಯಕ್ಕೆ ತಾವೇ ಮೊದಲು ನಗುತ್ತಿದ್ದರು. ಹಾಸ್ಯ ಮುಗಿಯುವವರೆಗೂ ಕಾಯುವ ತಾಳ್ಮೆ ಅವರಿಗೆ ಇರಲಿಲ್ಲ.

ಅವರು ನಮ್ಮ ಮನೆಗೆ ಬಂದದ್ದು ತಮ್ಮನ ರೋಗದಿಂದಾಗಿ. ಅವನು ನನಗಿಂತ ಹನ್ನೆರಡು ವರ್ಷ ಚಿಕ್ಕವನು, ಸಂತೆಯಲ್ಲಿ ನನಗಿಂತ ಚುರುಕು. ದನದ ವ್ಯಾಪಾರದಲ್ಲಿ ನಾವು ದರ ಬಾಯಿಂದ ಹೇಳುವುದಿಲ್ಲ. ಎರಡೂ ಕಡೆಯವರ ಕೈ ಮೇಲೆ ಒಂದು ಟವೆಲ್ ಹಾಕಿ, ಒಳಗೆ ಬೆರಳು ಹಿಡಿದು, ಒತ್ತಿ, ದರ ತಿಳಿಸುತ್ತೇವೆ. ಸುತ್ತ ನಿಂತವರಿಗೆ ವ್ಯಾಪಾರ ನಡೆದದ್ದು ಕಾಣುತ್ತದೆ, ದರ ಕಾಣುವುದಿಲ್ಲ. ಆ ಬೆರಳಿನ ಮಾತಿನಲ್ಲಿ ತಮ್ಮನನ್ನು ಮೀರಿಸುವವರು ಇರಲಿಲ್ಲ.

ಮೂವತ್ತು ದಾಟಿದ ಮೇಲೆ ಅವನ ಕಾಲು ತೂರಾಡತೊಡಗಿತು. ಜನ ಕುಡಿತ ಅಂದರು. ನಮ್ಮದು ಲಿಂಗ ಕಟ್ಟಿದ ಮನೆತನ, ಅವನು ಅದರ ವಾಸನೆಯನ್ನೂ ಕಂಡವನಲ್ಲ. ಆದರೂ ಒಂದು ದಿನ ನಾನೇ ಅವನ ಬಾಯಿ ಮೂಸಿ ನೋಡಿದೆ. ಇವತ್ತಿಗೂ ಅದು ನೆನಪಾದರೆ ಮನಸ್ಸು ಚುಚ್ಚುತ್ತದೆ. ಆಮೇಲೆ ಕೈ ನಡುಗಿತು, ಮಾತು ದಪ್ಪವಾಯಿತು. ಹಿಂದಲೆಯಲ್ಲಿರುವ ಸಣ್ಣ ಮೆದುಳು ಸವೆಯುತ್ತ ಹೋಗುವ ರೋಗ, ಬಹಳ ಅಪರೂಪದ್ದು, ವಂಶದಲ್ಲಿ ಬರುತ್ತದೆ ಎಂದು ದೊಡ್ಡ ಡಾಕ್ಟರು ಹೇಳಿದರು. ನಮ್ಮ ದೊಡ್ಡಪ್ಪ ಕೊನೆಗಾಲದಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದದ್ದು ಆಗ ಅರ್ಥವಾಯಿತು. ಇದಕ್ಕೆ ಔಷಧ ಇಲ್ಲ ಅಂದರು. ನಾನು ಅಭ್ಯಾಸಬಲದಿಂದ, ಏನಾದರೂ ಸ್ವಲ್ಪ ಕಮ್ಮಿ ಮಾಡಿ ಹೇಳ್ರಿ ಸಾಹೇಬರೆ ಅಂದೆ. ಅವರು ಏನೂ ಕಮ್ಮಿ ಮಾಡಲಿಲ್ಲ. ಒಂದು ಮಾತು ಕೂಡಿಸಿದರು: ತೂಕ ಬಹಳ ಇಳಿಯುತ್ತಿದೆ, ನಲವತ್ತು ಕೆ.ಜಿ.ಗಿಂತ ಕೆಳಗೆ ಹೋದರೆ ಹೊಟ್ಟೆಗೆ ನಳಿಗೆ ಹಾಕಿ ಅದರಿಂದ ಊಟ ಕೊಡಬೇಕಾಗುತ್ತದೆ.

ಅವತ್ತು ತಮ್ಮನ ತೂಕ ನಲವತ್ತೆರಡು. ಮನೆಗೆ ಬರುವ ದಾರಿಯುದ್ದಕ್ಕೂ ಅವನು ಹೇಳಿದ್ದು ಒಂದೇ, ನಳಿಗೆ ಹಾಕಿಸಬ್ಯಾಡಣ್ಣ ಅಂತ.

ಇಂಥ ರೋಗದವರು ಏನು ಉಣ್ಣುತ್ತಾರೆ, ಅವರ ರಕ್ತದಲ್ಲಿ ಯಾವ ಜೀವಸತ್ವ, ಯಾವ ಖನಿಜ ಎಷ್ಟಿದೆ ಎಂದು ನೋಡುವ ಕೆಲಸವನ್ನು ಕೆಲವು ಡಾಕ್ಟರರು ಹಿಡಿದಿದ್ದರು. ಮೂರು ತಾಲೂಕಿನಲ್ಲಿ ಸಿಕ್ಕ ಕೆಲವೇ ಮನೆಗಳಿಗೆ ತಿರುಗುವ ಜವಾಬ್ದಾರಿ ಮೇಡಂ ಅವರದು. ಮೊದಲ ಸಲ ಬಂದವರು ರಕ್ತ ತೆಗೆಸಿದರು, ಒಂದು ಹಾಳೆ ಕೊಟ್ಟರು, ನಿಮ್ಮ ತಮ್ಮ ಮೂರು ದಿನ ಏನೇನು ಉಂಡ ಎಂದು ಬರೆದಿಡಿ ಅಂದರು. ಬರೆದದ್ದು ನನ್ನ ಹೆಂಡತಿ. ಅಕ್ಷರ ಚೆಂದ. ಚಪಾತಿ, ತುಪ್ಪ, ಎರಡು ಹೊತ್ತು ಹಾಲು, ಬಾಳೆಹಣ್ಣು, ಶೇಂಗಾ ಹೋಳಿಗೆ.

ಒಂದು ತಿಂಗಳ ಮೇಲೆ ಮೇಡಂ ತಿರುಗಿ ಬಂದರು. ಒಂದು ಕೈಯಲ್ಲಿ ಆ ಹಾಳೆ, ಇನ್ನೊಂದರಲ್ಲಿ ರಕ್ತದ ರಿಪೋರ್ಟು. ಬಿ-ಹನ್ನೆರಡು ತಳಕ್ಕೆ ಹತ್ತಿತ್ತು. ಡಿ ಜೀವಸತ್ವ ಕಮ್ಮಿ, ಕಬ್ಬಿಣ ಕಮ್ಮಿ, ಸತು ಕಮ್ಮಿ. ಎರಡನ್ನೂ ನನ್ನ ಹೆಂಡತಿಯ ಮುಂದಿಟ್ಟರು.

“ಅಕ್ಕಾ, ಈ ಹಾಳಿ ಪ್ರಕಾರ ನಿಮ್ಮ ಮೈದುನ ಪೈಲ್ವಾನ ಆಗಬೇಕಿತ್ತು. ರಕ್ತ ಬ್ಯಾರೆ ಹೇಳ್ತದ. ಇಬ್ಬರೊಳಗ ಯಾರು ಖರೇ?”

ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡಳು. “ಸರಕಾರಿ ಹಾಳಿ ಮ್ಯಾಲ ರೊಟ್ಟಿ-ಖಾರ ಅಂತ ಬರೀಲೇನ್ರಿ ಮೇಡಂ? ಮನಿ ಮಾನ ಏನಾಗಬೇಕು?”

ಇದು ನಮ್ಮ ಕಡೆಯವರು ಮಾತ್ರ ಮಾಡುವ ತಪ್ಪು. ಹೊರಗಿನವರು ಏನುಂಡಿರಿ ಎಂದು ಕೇಳಿದರೆ ನಾವು ಉಂಡದ್ದನ್ನು ಹೇಳುವುದಿಲ್ಲ, ಬೀಗರು ಬಂದರೆ ಏನು ಬಡಿಸುತ್ತೇವೋ ಅದನ್ನು ಹೇಳುತ್ತೇವೆ. ಅತನೂರಿನ ಒಂದು ಮನೆಯಲ್ಲಿ ದಿನಾ ಬಾದಾಮಿ ಎಂದು ಬರೆದಿದ್ದರಂತೆ. ಎಲ್ಲಿ, ಡಬ್ಬಿ ತೋರಿಸ್ರಿ ಅಂದಾಗ ತಂದ ಡಬ್ಬಿಯಲ್ಲಿ ಶೇಂಗಾ. ಮೇಡಂ ಆ ಶೇಂಗಾ ಎರಡು ಬಾಯಿಗೆ ಹಾಕಿಕೊಂಡು, ಇದೇ ಬರೀರಿ, ಇದೇನ್ ಸಣ್ಣದಲ್ಲ ಅಂದರಂತೆ. ಈ ಕತೆ ಹೇಳುತ್ತ ನಮ್ಮ ಪಡಸಾಲೆಯಲ್ಲಿ ಹೊಟ್ಟೆ ಹಿಡಿದು ನಕ್ಕರು. “ಮೂರೂ ತಾಲೂಕಿನ್ಯಾಗ ದಿನಾ ಲಗ್ನದ ಊಟ ನಡದದ್ರಿ. ನನಗೊಬ್ಬರೂ ಕರೀಲಿಲ್ಲ ನೋಡ್ರಿ.”

ನನ್ನ ಹೆಂಡತಿಯೂ ನಕ್ಕಳು. ನಕ್ಕ ಮೇಲೆ ನಿಜ ಬರೆಸಿದಳು. ಓದುಗರೇ, ಜನರಿಂದ ನಿಜ ಹೊರಡಿಸಬೇಕಾದರೆ ಮೊದಲು ನಗಿಸಿ. ನಾನು ಇದನ್ನು ಮೂವತ್ತು ವರ್ಷದಲ್ಲಿ ಕಲಿಯದೆ ಅವರಿಂದ ಒಂದೇ ಮಧ್ಯಾಹ್ನದಲ್ಲಿ ಕಲಿತೆ.

ಆದರೆ ಲೆಕ್ಕ ಇನ್ನೂ ಕೂಡಲಿಲ್ಲ. ರೊಟ್ಟಿ, ಪುಂಡಿಪಲ್ಯ, ಬೇಳೆ, ಮಜ್ಜಿಗೆ ಅಷ್ಟು ಹೊಟ್ಟೆಗೆ ಹೋದರೂ ಆಳು ಇಷ್ಟು ಸೊರಗಬಾರದು ಎಂದರು ಮೇಡಂ. ಮರುದಿನ ರೊಟ್ಟಿ ಬಡಿಯುವ ಹೊತ್ತಿಗೇ ಬಂದು ಒಲೆಯ ಮುಂದೆ ಮಣೆ ಹಾಕಿಕೊಂಡು ಕುಳಿತರು. ನಮಗೆಲ್ಲ ಬಡಿಸಿದರು. ತಮ್ಮನ ತಾಟು ಮುಚ್ಚಿ ಹಿಂದಿನ ಕೊಟ್ಟಿಗೆಗೆ ಹೋಯಿತು. ಅವನು ಅಲ್ಲೇ, ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ. ಎರಡು ವರ್ಷದಿಂದ ಹಾಗೇ ನಡೆದಿತ್ತು. ನಾವು ಯಾರೂ ಆ ಹೊತ್ತಿನಲ್ಲಿ ಆ ಕಡೆ ಹೋಗುತ್ತಿರಲಿಲ್ಲ. ಅದು ಅವನಿಗೆ ಕೊಡುವ ಮರ್ಯಾದೆ ಅಂದುಕೊಂಡಿದ್ದೆವು. ತಾಟು ತೊಳೆದಷ್ಟು ಸ್ವಚ್ಛವಾಗಿ ತಿರುಗಿ ಬರುತ್ತಿತ್ತು.

ಅವತ್ತೂ ಬಂತು. ಊಟ ಆಯ್ತೇನ್ರಿ ಎಂದು ಮೇಡಂ ಕೇಳಿದರು. ಆಗ್ಯಾದ ಅಂದ ತಮ್ಮ. ಮೇಡಂ ಎದ್ದು ಆ ಖಾಲಿ ತಾಟನ್ನು ಕೊಟ್ಟಿಗೆಗೆ ಒಯ್ದು ಸೌಟಿನಿಂದ ಒಮ್ಮೆ ತಟ್ಟಿದರು. ಅಲ್ಲಿ ಕಟ್ಟಿದ್ದ ನಮ್ಮ ಬಿಳಿ ಹೋರಿ ಸರಕ್ಕನೆ ತಿರುಗಿ, ಹಗ್ಗ ಜಗ್ಗಿ, ನಾಲಿಗೆ ಚಾಚಿತು.

ಆ ಹೋರಿಯನ್ನು ನಾನು ವರ್ಷವಿಡೀ ಊರಿಗೆಲ್ಲ ತೋರಿಸಿ ಹೊಗಳಿಕೊಂಡಿದ್ದೆ. ಮೇವು ಹಾಕುವುದನ್ನು ನನ್ನಿಂದ ಕಲಿಯಿರಿ, ಮೈ ಹೇಗೆ ಮಿಂಚುತ್ತಿದೆ ನೋಡಿ ಅಂತ. ಮೇಡಂ ಅದರ ಡುಬ್ಬ ಸವರಿ ನನ್ನ ಕಡೆ ನೋಡಿದರು. “ಅಣ್ಣಾವ್ರೇ, ಇದರ ರಕ್ತ ತೆಗಸೋಣೇನ್ರಿ? ನಿಮ್ಮ ತಮ್ಮನ ಬಿ-ಹನ್ನೆರಡು ಇದರಾಗೇ ಸಿಕ್ಕೀತು.”

ನಮ್ಮ ಅವ್ವ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಮೇಡಂ ಯಾರನ್ನೂ ಬೈಯಲಿಲ್ಲ. ತಮ್ಮನ ಪಕ್ಕ ಕಲ್ಲಿನ ಮೇಲೆ ಕುಳಿತು ಹೋರಿಯ ವಯಸ್ಸು ಕೇಳಿದರು, ತಳಿ ಕೇಳಿದರು. ಕೊನೆಗೆ ತಮ್ಮನೇ ಬಾಯಿಬಿಟ್ಟ. ಅವನ ಮಾತು ಒಂದೊಂದೇ ಕಲ್ಲು ಎತ್ತಿಟ್ಟ ಹಾಗೆ ಬರುತ್ತದೆ.

“ಕೈ ನನ್ನ ಮಾತು ಕೇಳೂದಿಲ್ರಿ. ಬ್ಯಾಳಿ ಅಂಗಿ ಮ್ಯಾಲ ಬೀಳ್ತದ. ಎಲ್ಲಾರೂ ನೋಡ್ತಾರ, ನೋಡೇ ಇಲ್ಲ ಅನ್ನಂಗ ಮಾಡ್ತಾರ. ಉಪವಾಸ ಇದಕ್ಕಿಂತ ಚಲೋ ಅದ.”

ಬ್ಯಾರೆಯವರು ತುತ್ತು ಮಾಡಿ ತಿನ್ನಿಸಿದರೆ ನಡೆದೀತೇ ಎಂದರು ಮೇಡಂ. ಕೂಸಲ್ಲ ನಾನು ಎಂದ ತಮ್ಮ. ತೂಕ ನೋಡಿದರೆ ನಲವತ್ತೊಂದು.

ಅದಾದ ಮೇಲೆ ಒಂದು ಸಂತೆಯ ದಿನ ಮೇಡಂ ಆಳಂದಕ್ಕೆ ಬಂದವರು ನನ್ನನ್ನು ಹುಡುಕಿಕೊಂಡು ದನಗಳ ನಡುವೆ ಸೀರೆ ಎತ್ತಿ ಹಿಡಿದು ಬಂದರು. ನಾನು ಒಬ್ಬನ ಜೊತೆ ಟವೆಲ್ಲಿನ ಕೆಳಗೆ ದರ ಕುದುರಿಸುತ್ತಿದ್ದೆ. ಮುಗಿಯುವವರೆಗೂ ಕಣ್ಣು ಮಿಟುಕಿಸದೆ ನಿಂತರು. ಆಮೇಲೆ, ಒಳಗೆ ಏನು ಮಾಡಾಕತ್ತೀರಿ, ಯಾಕ ಮುಚ್ಚತೀರಿ ಎಂದು ಒಂದೊಂದಾಗಿ ಕೇಳಿದರು. ಹೇಳಿದೆ. ಒಂದು ಬೆರಳು ಹಿಡಿದರೆ ಏನು, ಎರಡು ಹಿಡಿದರೆ ಏನು, ಅಂಗೈ ಗೀರಿದರೆ ಏನು ಎಂದು ಕಲಿಸಿಕೊಟ್ಟೆ. ಕಸುಬಿನ ಗುಟ್ಟು ಹಾಗೆಲ್ಲ ಕಲಿಸುವವನಲ್ಲ ನಾನು. ಅವರು ಕೇಳುವ ರೀತಿ ಹಾಗಿತ್ತು.

ಅದೇ ವಾರ ಮನೆಗೆ ಬಂದರು. ನನ್ನ ದಪ್ಪ ಟವೆಲ್ ಕೇಳಿ ಪಡೆದು ನೀರಲ್ಲಿ ಅದ್ದಿ ಹಿಂಡಿದರು. ಒದ್ದೆ ಟವೆಲ್ ಭಾರ, ಕೈ ಮೇಲೆ ಹಾಕಿದರೆ ನಡುಕ ಜರಾ ತಗ್ಗುತ್ತದೆ ಅಂದರು. ತಮ್ಮನ ಮುಂದೆ ತಾಟು ಇಟ್ಟರು. ಅವತ್ತಿನ ಊಟ ಅವರೇ ನಿಂತು ಮಾಡಿಸಿದ್ದು: ರೊಟ್ಟಿಯನ್ನು ಬಿಸಿ ಹಾಲಿನಲ್ಲಿ ನೆನೆಸಿ ಹಿಸುಕಿದ್ದು, ಗಟ್ಟಿ ಬೇಳೆ, ಅಗಸಿ ಹಿಂಡಿ ಎನ್ನುವ ಅಗಸೆಬೀಜದ ಚಟ್ನಿಪುಡಿ, ತುಪ್ಪ. ನೀರಾಗಿರುವುದು ಇವನ ಗಂಟಲಲ್ಲಿ ದಾರಿ ತಪ್ಪುತ್ತದೆ, ಅದಕ್ಕೇ ಕೆಮ್ಮು, ಎಲ್ಲ ಗಟ್ಟಿಯಾಗಿರಲಿ, ನುಂಗುವಾಗ ಗದ್ದ ಎದೆಗೆ ತಗಲಿರಲಿ ಎಂದು ಹೇಳಿಕೊಟ್ಟರು. ಆಮೇಲೆ ತಾಟು, ಅವನ ಕೈ, ತಮ್ಮದೇ ಕೈ ಮೂರರ ಮೇಲೂ ಟವೆಲ್ ಎಳೆದರು.

ಒಳಗೆ ಏನು ನಡೆಯಿತೋ ನಮಗೆ ಕಾಣಲಿಲ್ಲ. ತಮ್ಮನ ಮುಖ ಕಂಡಿತು. ಮೊದಲು ಬೆಪ್ಪಾಯಿತು. ಆಮೇಲೆ ಹುಬ್ಬು ಮೇಲೆ ಹೋಯಿತು. ಆಮೇಲೆ ಸಂತೆಯಲ್ಲಿ ಎದುರಿನವನ ಗುಟ್ಟು ಸಿಕ್ಕಾಗ ಮಾಡುತ್ತಿದ್ದ ಹಾಗೆ ತುಟಿಯ ಒಂದು ಮೂಲೆ ಎತ್ತಿದ.

“ಬಾರಾ ತುತ್ತು ಕೇಳಾಕತ್ತಾರಣ್ಣ,” ಅಂದ ನನಗೆ. “ನಾ ಐದು ಕೊಟ್ಟೇನಿ.”

“ದರ ಹೊರಗ ಹೇಳಬಾರದ್ರಿ,” ಎಂದು ಮೇಡಂ ಗದರಿದರು. “ಇಷ್ಟೇನಾ ನಿಮ್ಮ ದಲಾಲಿ?”

ಹನ್ನೆರಡೂ ಅಲ್ಲ, ಐದೂ ಅಲ್ಲ, ಎಂಟಕ್ಕೆ ಸೌದಾ ಮುಗಿಯಿತು. ಎಂಟು ತುತ್ತನ್ನೂ ಅವನೇ ಮಾಡಿದ. ಟವೆಲ್ಲಿನ ಒಳಗೆ ಅವರು ಮಣಿಕಟ್ಟು ಒತ್ತಿ ಹಿಡಿದಿದ್ದರಂತೆ, ಅಷ್ಟೇ. ತುತ್ತು ಹೊರಗೆ ಬಂದು ಬಾಯಿಗೆ ಹೋಗುವಾಗ ಅವರು ಅವನ ಕಣ್ಣು ನೋಡಿ ಮಾತಾಡುತ್ತಿದ್ದರು, ಕೈ ನೋಡುತ್ತಿರಲಿಲ್ಲ. ನಮಗೂ ಅದೇ ಅಪ್ಪಣೆಯಾಯಿತು: ಉಣ್ಣುವವನ ಜೊತೆಗೇ ಕೂಡಬೇಕು, ಮುಖ ನೋಡಬೇಕು, ಬಿದ್ದದ್ದನ್ನು ಒರೆಸಲು ಓಡಬಾರದು. ಮುಂದಿನ ಸಲ ಹದಿನೈದರಿಂದ ಶುರು ಮಾಡಿದರು. ಕೇಳುವವರು ಎತ್ತರದಿಂದಲೇ ಕೇಳಬೇಕು, ಹಿಂದಿನ ದರಕ್ಕೆ ನಿಲ್ಲಬಾರದು. ಇದು ನಾನು ಜನರಿಗೆ ಹೇಳುವ ಬುದ್ಧಿ, ಅವರಿಗೆ ಯಾರೂ ಹೇಳಿರಲಿಲ್ಲ.

ಅವರಲ್ಲಿ ಒಂದು ದೊಡ್ಡ ಕೊರತೆ ಇತ್ತು, ಮುಚ್ಚಿಡುವುದಿಲ್ಲ. ಬಜಾರದಲ್ಲಿ ಕಾಯಿಪಲ್ಯ ಕೊಳ್ಳುವಾಗ ಕೇಳಿದಷ್ಟು ಕೊಟ್ಟು ಬರುತ್ತಿದ್ದರು. ಮೆಂತ್ಯದ ಕಟ್ಟು ಒಣಗಿದ್ದರೂ ಒಂದು ಮಾತಿಲ್ಲ. ನನಗೆ ಹೊಟ್ಟೆ ಉರಿದು ಒಮ್ಮೆ ಕೇಳಿಯೇ ಬಿಟ್ಟೆ. ನನ್ನ ಹತ್ತಿರ ಇರುವ ಚೌಕಾಸಿ ಎಲ್ಲ ತುತ್ತಿಗೇ ಖರ್ಚಾಗುತ್ತದೆ, ಬಜಾರಕ್ಕೆ ಉಳಿಯುವುದಿಲ್ಲ ಅಂದರು.

ನಮ್ಮ ಅವ್ವನ ಜೊತೆ ನಡೆದ ಚೌಕಾಸಿ ಎಲ್ಲಕ್ಕಿಂತ ದೊಡ್ಡದು. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ನಮ್ಮ ಭಾಗದಲ್ಲಿ ಭಜ್ಜಿ ಮಾಡುತ್ತಾರೆ. ಹೊಲದಲ್ಲಿ ಸಿಕ್ಕ ಸೊಪ್ಪೆಲ್ಲ, ಹಸಿ ತೊಗರಿ, ಕಡಲೆ, ಅವರೆ, ಶೇಂಗಾ ಕೂಡಿಸಿ ಮೆತ್ತಗೆ ಕುದಿಸಿದ್ದು. ವರ್ಷಕ್ಕೆ ಒಂದೇ ಸಲ, ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿದ ಮೇಲೆ. ಮೇಡಂ ಅದನ್ನು ಬಟ್ಟಲಲ್ಲಿ ಅಳೆದು, ತೂಗಿ, ಎರಡು ಬಟ್ಟಲು ಉಂಡು, ತಮ್ಮನಿಗೆ ಬೇಕಾದ್ದು ಬಹಳಷ್ಟು ಇದರಲ್ಲೇ ಇದೆ, ನುಂಗಲೂ ಹಗುರ, ವಾರಕ್ಕೊಮ್ಮೆ ಮಾಡಿ ಅಂದರು. ಅವ್ವ ಕೆಂಡವಾದಳು.

“ಅದು ಭೂಮಿತಾಯಿಗೆ ಉಡಿ ತುಂಬೋ ಊಟ. ವಾರವಾರ ಉಡಿ ತುಂಬ್ತಾರೇನ ಯಾರರೆ?”

“ತಾಯಿ ಬ್ಯಾಡ ಅಂತಾಳೇನವ್ವಾ, ತುಂಬಿದ್ರ?”

ಮೂರನೆಯ ದಿನ ತಾನೇ ತನ್ನ ಷರತ್ತು ಇಟ್ಟಳು: ಪ್ರತಿ ಸೋಮವಾರ ಮೊದಲು ಒಂದು ಹಿಡಿ ಹೊಲದ ಬದುವಿಗೆ, ಆಮೇಲೆ ಮನೆಯವರಿಗೆ. ಹಸಿ ಕಾಳು ಸಿಗದ ದಿನಗಳಲ್ಲಿ ನೆನೆಸಿದ ಕಾಳು. ಈಗ ನಮ್ಮ ಓಣಿಯ ನಾಲ್ಕು ಮನೆಯಲ್ಲಿ ಸೋಮವಾರ ಭಜ್ಜಿ ಇದೆ. ಅವ್ವ ಅದನ್ನು ತಾನೇ ಕಂಡುಹಿಡಿದದ್ದು ಎನ್ನುವ ಹಾಗೆ ಹೇಳುತ್ತಾಳೆ. ಮೇಡಂ ಅದನ್ನು ಕೇಳಿಯೂ ಹೌದ್ರಿ ಹೌದ್ರಿ ಅನ್ನುತ್ತಿದ್ದರು.

ಊಟ ಒಂದೇ ಸಾಲಲಿಲ್ಲ, ಅದನ್ನೂ ಹೇಳಬೇಕು. ಬಿ-ಹನ್ನೆರಡಕ್ಕೆ ಡಾಕ್ಟರು ಇಂಜೆಕ್ಷನ್ ಕೊಟ್ಟರು, ಡಿ-ಗೆ ವಾರಕ್ಕೊಂದು ಗುಳಿಗೆ. ಯಾರೋ ಪೇಟೆಯಿಂದ ತಂದ ಶಕ್ತಿಯ ಡಬ್ಬಿಗಳನ್ನು ಮೇಡಂ ಮೂಸಿಯೂ ನೋಡಲಿಲ್ಲ. ರಕ್ತ ನೋಡದೆ ಡಬ್ಬಿ ತೆರೆಯಬಾರದು ಎಂದು ಕಟ್ಟಪ್ಪಣೆ. ನೀವೂ ನೆನಪಿಡಿ.

ಒಂದು ವರ್ಷಕ್ಕೆ ರಕ್ತ ಮತ್ತೆ ನೋಡಿದರು. ತಳಕ್ಕೆ ಹತ್ತಿದ್ದೆಲ್ಲ ಮೇಲೆ ಬಂದಿತ್ತು. ತೂಕ ನಲವತ್ತಾರು. ನಾನು ಹಿಗ್ಗಿ, ಹಂಗಾದರೆ ಕಾಲೂ ಸುಧಾರಿಸುತ್ತದೇನ್ರಿ ಎಂದು ಕೇಳಿದೆ. ಅವರು ನಗುವುದನ್ನು ನಿಲ್ಲಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಸುಳ್ಳು ಹೇಳೂದಿಲ್ರಿ ಅಣ್ಣಾವ್ರೇ. ರೋಗ ಒಯ್ಯೋದನ್ನ ರೋಗ ಒಯ್ತದ. ಹಸಿವಿಗೂ ಅದರ ಜೋಡಿ ಯಾಕ ಕೊಡಬೇಕು?”

ಕಾಲು ಸುಧಾರಿಸಲಿಲ್ಲ. ಈಗ ಗಾಲಿಕುರ್ಚಿ. ಆದರೆ ಬಾಯಿಹುಣ್ಣು ಹೋಯಿತು, ಸಂಜೆಗೆ ಬರುತ್ತಿದ್ದ ಸುಸ್ತು ಹೋಯಿತು, ನಳಿಗೆಯ ಮಾತು ಯಾರೂ ಎತ್ತಲಿಲ್ಲ. ಟವೆಲ್ ಕೂಡ ಯಾವತ್ತು ಬಿಟ್ಟುಹೋಯಿತೋ ಗೊತ್ತಾಗಲಿಲ್ಲ. ಮನೆಯಲ್ಲಿ ನಮ್ಮ ಜೊತೆಗೇ ಕುಳಿತು ಉಣ್ಣುವುದು ರೂಢಿಯಾಯಿತು. ಯಡ್ರಾಮಿ ಕಡೆ ಇದೇ ರೋಗದ ಒಬ್ಬ ಹೆಣ್ಣುಮಗಳು, ನಿಮ್ಮ ಊಟದಿಂದ ನನ್ನ ಕುಪ್ಪಸ ಒಂದೂ ಹಿಡಿಯುತ್ತಿಲ್ಲ, ಹೊಲಿಗೆ ಖರ್ಚು ಯಾರು ಕೊಡಬೇಕು ಎಂದು ಜಗಳ ತೆಗೆದಳಂತೆ. ಆ ಜಗಳವನ್ನು ಮೇಡಂ ಬಹುಮಾನ ಬಂದ ಹಾಗೆ ಹೋದಲ್ಲೆಲ್ಲ ಹೇಳಿಕೊಂಡರು.

ಮನೆಯಲ್ಲಿ ಸರಿ. ಹೊರಗೆ, ಜನರ ಪಂಕ್ತಿಯಲ್ಲಿ ಮಾತ್ರ ತಮ್ಮ ಎಂದೂ ಕೂಡಲಿಲ್ಲ. ಮದುವೆ, ಮುಂಜಿ, ಎಲ್ಲಕ್ಕೂ ಮನೆಯಲ್ಲೇ ಉಂಡು ಬರುತ್ತಿದ್ದ. ಅದೊಂದು ಬಾಕಿ ಉಳಿಯಿತು ಎಂದು ಮೇಡಂ ಆಗಾಗ ಅನ್ನುತ್ತಿದ್ದರು.

ಅವರು ನಿವೃತ್ತರಾದಾಗ ಮೂರು ತಾಲೂಕಿನ ಮನೆಯವರು ಸೇರಿ ಜೇವರ್ಗಿಯಲ್ಲಿ ಒಂದು ಊಟ ಇಟ್ಟುಕೊಂಡೆವು. ಭಾಷಣ ಬೇಡ, ಊಟ ಸಾಕು ಎಂದು ಅವರೇ ಹೇಳಿದ್ದರು. ತಮ್ಮನನ್ನು ಕರೆದುಕೊಂಡು ಹೋದೆ. ಮೇಜಿನ ಸಾಲು ಹಾಕಿದ್ದರು. ಅವನು ಹೊರಗೇ ಇರುತ್ತೇನೆ ಅನ್ನುತ್ತಾನೆ ಅಂದುಕೊಂಡು ನಾನು ಕುರ್ಚಿಯನ್ನು ನೆರಳಿಗೆ ತಿರುಗಿಸಿದೆ. ಅವನು ಗಾಲಿಗೆ ಕೈ ಅಡ್ಡ ಇಟ್ಟ. ಒಳಗೆ ಎಂದು ಗದ್ದದಿಂದ ತೋರಿಸಿದ.

ಒಳಗೆ ಕೂತೆವು. ನಾನು, ನನ್ನ ಬಲಕ್ಕೆ ತಮ್ಮ, ಅವನ ಆಚೆ ಮೇಡಂ. ಎಲೆ ಬಿತ್ತು. ಮೊದಲ ತುತ್ತಿಗೇ ಬೇಳೆ ಚಿಮ್ಮಿ ಎದುರಿಗೆ ಕುಳಿತ ಯಾರೋ ದೊಡ್ಡವರ ಬಿಳಿ ಅಂಗಿಗೆ ಬಿತ್ತು. ಸಾಲಿನವರೆಲ್ಲ ತಿರುಗಿ ನೋಡಿದರು. ತಮ್ಮನ ಕೈ ಎಲೆಯ ಮೇಲೆ ನಿಂತಿತು. ಮೇಡಂ ಅವನ ಕಡೆ ತಿರುಗಲೂ ಇಲ್ಲ, ತಮ್ಮ ಪಾಡಿಗೆ ತಾವು ರೊಟ್ಟಿ ಮುರಿಯುತ್ತಿದ್ದರು. ಅಷ್ಟರಲ್ಲಿ ಹೋಳಿಗೆಯ ಬುಟ್ಟಿ ಹಿಡಿದ ಬಡಿಸುವವನು ಬಂದು ತಮ್ಮನನ್ನು ಬಿಟ್ಟು ನನ್ನನ್ನು ಕೇಳಿದ, ಇವರಿಗೆ ಹಾಕಲೇನ್ರಿ ಅಂತ.

ಉತ್ತರ ಕೊಡಲು ನಾನು ಬಾಯಿ ತೆರೆದೆ. ಯಾರು ಏನು ಕೇಳಿದರೂ ಉತ್ತರ ಕೊಡುವುದು ನನ್ನ ಜಾಯಮಾನ. ಮೇಡಂ ತಮ್ಮನ ಬೆನ್ನ ಹಿಂದಿನಿಂದ ಕೈ ಚಾಚಿ ನನ್ನ ಭುಜವನ್ನು ಬಲವಾಗಿ ಚಿವುಟಿದರು. ಬಾಯಿ ಮುಚ್ಚಿದೆ. ಬಡಿಸುವವನು ನಿಂತ, ಸಾಲು ಕಾಯಿತು. ತಮ್ಮ ಮಾತು ಕೂಡಿಸಿಕೊಳ್ಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತೆಗೆದುಕೊಂಡ.

“ನನಗ ಎರಡು ಹಾಕು,” ಅಂದ. ಉಸಿರು ತೆಗೆದುಕೊಂಡು ನನ್ನ ಎಲೆ ತೋರಿಸಿದ. “ಅಣ್ಣಗ ಹಾಕಬ್ಯಾಡ. ಅವಂಗ ಸಕ್ಕರಿ ಅದ, ಯಾರಿಗೂ ಹೇಳಿಲ್ಲ.”

ಖರೇ, ನಾನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಚಹಾಕ್ಕೆ ಸಕ್ಕರೆ ಬಿಟ್ಟದ್ದು, ಹಬ್ಬದ ದಿನ ಪಾಯಸವನ್ನು ನೆಪ ಹೇಳಿ ಸರಿಸಿದ್ದು ಯಾರ ಕಣ್ಣಿಗೂ ಬಿದ್ದಿಲ್ಲ ಅಂದುಕೊಂಡಿದ್ದೆ. ದಿನಾ ಪಕ್ಕದಲ್ಲೇ ಕೂತು, ಕೈ ನೋಡದೆ ಮುಖ ನೋಡಿ ಉಣ್ಣುವವನಿಗೆ ಎಲ್ಲ ಕಂಡಿತ್ತು. ಬಿಳಿ ಅಂಗಿಯ ದೊಡ್ಡವರೇ ಮೊದಲು ನಕ್ಕರು. ಆಮೇಲೆ ಸಾಲಿಗೆ ಸಾಲೇ ನಕ್ಕಿತು. ಮೇಡಂ ನಗುತ್ತ ನಗುತ್ತ ನೆತ್ತಿಗೇರಿಸಿಕೊಂಡರು. ಗದ್ದ ಕೆಳಗ ಮಾಡ್ರಿ ಮೇಡಂ ಎಂದು ತಮ್ಮ ಬುದ್ಧಿ ಹೇಳಿದ.

ಅವನ ಎಲೆಗೆ ಎರಡು ಹೋಳಿಗೆ ಬಿದ್ದವು, ಮೇಲೆ ತುಪ್ಪ. ಬುಟ್ಟಿ ನನ್ನ ಎಲೆ ದಾಟಿ ಮುಂದೆ ಹೋಯಿತು.